ಮೊದಲ ವಿಮಾನ ತಡವಾಗಿ ಎರಡನೇದು ತಪ್ಪಿಹೋದರೆ

ಹ್ಯಾಂಬರ್ಗ್‌ನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಬೆಂಗಳೂರು. ಮೊದಲ ವಿಮಾನ ಎರಡು ಗಂಟೆ ತಡವಾಯಿತು. ನಾನು, ಅಮ್ಮ ಗೇಟಿಗೆ ಓಡಿದಾಗ ಬಾಗಿಲು ಮುಚ್ಚಿತ್ತು. ಮಂಡಿನೋವಿನ ಅಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಟಿಕೆಟ್ ಮಾರಿದ ಕಂಪನಿ ಒಂದು, ವಿಮಾನ ಹಾರಿಸಿದ ಕಂಪನಿ ಇನ್ನೊಂದು. ಇಬ್ಬರೂ ಒಬ್ಬರ ಕಡೆ ಒಬ್ಬರು ಕೈ ತೋರಿಸಿದರು. ಅಲ್ಲಿ ಸುಮ್ನೆ ವಾದ ಮಾಡಬೇಡಿ. ಟಿಕೆಟಿನಲ್ಲಿ ವಿಮಾನದ ನಂಬರಿನ ಹತ್ತಿರ ಸಣ್ಣ ಅಕ್ಷರದಲ್ಲಿ ‘ಆಪರೇಟೆಡ್ ಬೈ’ ಅಂತ, ಅದರ ಮುಂದೆ ವಿಮಾನ ಹಾರಿಸುವ ಕಂಪನಿಯ ಹೆಸರು ಇರುತ್ತದೆ. ವಿಮಾನ ತಡವಾದಾಗ ಪ್ರಯಾಣಿಕರಿಗಿರುವ ಹಕ್ಕುಗಳನ್ನು ಹೇಳುವ ಯುರೋಪಿಯನ್ ಒಕ್ಕೂಟದ 261/2004 ನಿಯಮದಂತೆ ಪರಿಹಾರ ಕೇಳಬೇಕಾದದ್ದು ಆ ಕಂಪನಿಯನ್ನು.

ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿರಬೇಕು, ಇದು ಬಹಳ ಮುಖ್ಯ. ಹಾಗಿದ್ದರೆ ಎರಡನೇ ವಿಮಾನ ಹೊರದೇಶದ ಕಂಪನಿಯದಾಗಿದ್ದು, ಅದೇ ತಡವಾದರೂ, ಮೊದಲನೆಯದನ್ನು ಹಾರಿಸಿದ ಕಂಪನಿಯನ್ನು ಕೇಳಬಹುದು. ಪ್ರಾಗ್‌ನಿಂದ ಅಬುಧಾಬಿ ಮೇಲೆ ಬ್ಯಾಂಕಾಕ್‌ಗೆ ಹೋದವರ ಕೇಸಿನಲ್ಲಿ 2019ರಲ್ಲಿ ಯುರೋಪಿನ ನ್ಯಾಯಾಲಯ ಹೀಗೇ ಹೇಳಿತು. ಎಷ್ಟು ಜನರಿಗೆ ಇದು ಗೊತ್ತೇ ಇಲ್ಲ ಅಲ್ವಾ!

ತಡ ಎಷ್ಟು ಅನ್ನುವುದನ್ನು ಕೊನೆಯ ಊರಿನಲ್ಲಿ ಲೆಕ್ಕ ಹಾಕುತ್ತಾರೆ. ಬೆಂಗಳೂರಿಗೆ ನಾಲ್ಕು ಗಂಟೆಗಿಂತ ಜಾಸ್ತಿ ತಡವಾದರೆ ತಲಾ 600 ಯೂರೊ. ಹವಾಮಾನ ಕೆಟ್ಟು ತಡವಾಗಿದ್ದರೆ ಈ ಹಣ ಸಿಗುವುದಿಲ್ಲ. ಆದರೆ ಕಾಯುವಾಗ ಊಟ, ರಾತ್ರಿ ಉಳಿಯಬೇಕಾದರೆ ಹೋಟೆಲ್ ಆಗಲೂ ಕೊಡಲೇಬೇಕು. ನಾಚಿಕೊಳ್ಳದೆ ಕೇಳಿ.

ಬೋರ್ಡಿಂಗ್ ಪಾಸ್, ಊಟದ ಬಿಲ್ಲು ಎಸೆಯಬೇಡಿ. ಅಮ್ಮ ಎಲ್ಲವನ್ನೂ ಪರ್ಸಿನಲ್ಲಿ ಮಡಚಿಟ್ಟಿದ್ದರು. ಅರ್ಜಿ ಹಾಕುವಾಗ ಅದೇ ಕೈಹಿಡಿಯಿತು.

ಆದರೆ ಬೆಂಗಳೂರಿನಿಂದ ಯುರೋಪಿಗೆ ಬರುವಾಗ ಈ ನಿಯಮ ಅನ್ವಯಿಸಬೇಕಾದರೆ ವಿಮಾನ ಹಾರಿಸುವುದು ಯುರೋಪಿನ ಕಂಪನಿಯೇ ಆಗಿರಬೇಕು. ಬುಕ್ ಮಾಡುವ ಮೊದಲೇ ಆ ಸಣ್ಣ ಅಕ್ಷರ ಓದಿಕೊಳ್ಳಿ.