ಕಾರಿನ ಆನ್‌ಲೈನ್ ಹರಾಜು: ಬಿಡ್‌ಗೂ ಕೈಗೆ ಬಂದ ಹಣಕ್ಕೂ ಇದ್ದ ವ್ಯತ್ಯಾಸ ಬಗೆಹರಿದದ್ದು ಹೀಗೆ

ನಮ್ಮ ಹಳೇ ಸ್ವಿಫ್ಟ್‌ಗೆ ಆನ್‌ಲೈನ್ ಹರಾಜಿನಲ್ಲಿ ಕೊನೆಯ ಬಿಡ್ 3,40,000 ರೂಪಾಯಿಗೆ ನಿಂತಿತು. ಖಾತೆಗೆ ಬರುತ್ತದೆ ಅಂತ ತೋರಿಸಿದ್ದು ಮಾತ್ರ 3,18,000. ಉಳಿದ 22,000 ಎಲ್ಲಿ ಹೋಯ್ತು?

ಹರಾಜು ನಡೆಸಿದ ಕಂಪನಿಗೆ ಫೋನ್ ಮಾಡಿದರೆ "ಅದೆಲ್ಲಾ ಚಾರ್ಜಸ್ ಸರ್" ಅನ್ನೋದೊಂದೇ ಉತ್ತರ. ಬಾಯಿಮಾತು ಸಾಲದು ಅನ್ನಿಸಿ, ಒಂದೊಂದು ಕಡಿತವನ್ನೂ ಬಿಡಿಸಿ ಬರೆದು ಕಳಿಸಿ ಅಂತ ಇಮೇಲ್ ಹಾಕಿದೆ. ಆಗ ಚಿತ್ರ ಸ್ಪಷ್ಟವಾಯಿತು. ಸೇವಾ ಶುಲ್ಕ 8,000, ಅದರ ಮೇಲೆ 18% ಜಿಎಸ್‌ಟಿ 1,440. ಆರ್‌ಸಿ ಕೊಂಡವರ ಹೆಸರಿಗೆ ಆಗುವವರೆಗೆ ಹಿಡಿದಿಡೋದು 8,000. ಆರ್‌ಸಿಯಿಂದ ಸಾಲದ ನಮೂದು ತೆಗೆಸಲು 4,560.

ಈ ಕೊನೆಯದು ನಮಗೆ ಅನ್ವಯಿಸೋದೇ ಇಲ್ಲ. ಸಾಲ ತೀರಿದಾಗಲೇ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ಆರ್‌ಟಿಒದಲ್ಲಿ ಆ ನಮೂದು ತೆಗೆಸಿದ್ದೆ. ಹೊಸ ಆರ್‌ಸಿ ಪ್ರತಿ ಕಳಿಸಿದ ಮೇಲೆ ಆ ಮೊತ್ತ ಬಿಟ್ಟರು. ಹಿಡಿದಿಟ್ಟ ಹಣ ಶುಲ್ಕವಲ್ಲ, ವಾಪಸ್ ಬರಬೇಕಾದ್ದು. ಅದು ಯಾವಾಗ ಬರುತ್ತದೆ ಅಂತಲೂ ಬರೆಸಿಕೊಂಡೆ.

ಗಾಡಿ ಕೊಂಡವರ ಹೆಸರಿಗೆ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿ ಹಾಕುವ ಮುಂಚೆಯೇ ಈ ಲೆಕ್ಕ ಕೇಳಿ. ಸಹಿ ಆದ ಮೇಲೆ ನಮ್ಮ ಮಾತಿಗೆ ಬೆಲೆ ಕಡಿಮೆ, ಅಲ್ವಾ? ಗಾಡಿ ಒಪ್ಪಿಸುವಾಗ ದಿನಾಂಕ, ಸಮಯ, ಓಡಿದ ಕಿಲೋಮೀಟರ್ ಬರೆದ ರಸೀದಿ ತಗೊಳ್ಳಿ. ಆಮೇಲೆ ಬೀಳುವ ದಂಡ ಯಾರದು ಅನ್ನೋ ಜಗಳಕ್ಕೆ ಅದೇ ಸಾಕ್ಷಿ. ಫಾಸ್ಟ್ಯಾಗ್ ಅವತ್ತೇ ಮುಚ್ಚಿಸಿ.