ಮೀನಿನ ಹೆಸರು ಆಮೇಲೆ ಬರೆಯಿರಿ

ಹವಳದ ದಿಬ್ಬದಲ್ಲಿ ಮೊದಲ ಸಲ ಮೀನು ಎಣಿಸಿದಾಗ ನನ್ನ ಸ್ಲೇಟಿನಲ್ಲಿ (ನೀರೊಳಗೆ ಬರೆಯುವ ಹಲಗೆ) ಎರಡು ಬೇರೆ ಬೇರೆ ಮೀನುಗಳಿದ್ದವು. ಒಂದು ಕಡುನೀಲಿ, ಮೈತುಂಬ ಬಿಳಿ ಬಳೆಗಳು. ಇನ್ನೊಂದಕ್ಕೆ ಹಳದಿ, ನೀಲಿ ಉದ್ದ ಗೆರೆ. ನೋಡಿದರೆ ಎರಡೂ ಎಂಪರರ್ ಏಂಜೆಲ್ ಫಿಶ್ಶೇ! ಬಳೆಯದ್ದು ಮರಿ, ಅಷ್ಟೇ. ಅವತ್ತಿನಿಂದ ಹೆಸರು ಕೊನೆಗೆ. ಮೊದಲು ಮೂರು ಕಲಂ: ಉದ್ದ ಎಷ್ಟು, ಬಾಯಿ ಎಲ್ಲಿಟ್ಟಿದೆ, ಜೊತೆಗೆ ಯಾರಿದ್ದಾರೆ.

ಮೀನಿನ ಹಿಂದೆ ಈಜಬೇಡಿ. ಒಂದೇ ಕಡೆ ಸುಮ್ನೆ ತೇಲಿ. ಸ್ವಲ್ಪ ಹೊತ್ತಿಗೆ ಅವು ನಿಮ್ಮನ್ನು ಮರೆತು ತಮ್ಮ ಕೆಲಸ ನೋಡಿಕೊಳ್ಳುತ್ತವೆ. ಉದ್ದವನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. ಮಾಸ್ಕ್ ಹಾಕಿದರೆ ನೀರೊಳಗೆ ಎಲ್ಲವೂ ಸುಮಾರು ಮೂರನೇ ಒಂದು ಪಾಲು ಜಾಸ್ತಿ ದೊಡ್ಡದಾಗಿ ಕಾಣುತ್ತದೆ. ಸ್ಲೇಟಿನ ಅಂಚಿಗೆ ಸೆಂಟಿಮೀಟರ್ ಗುರುತು ಹಾಕಿಕೊಂಡು, ಮೀನಿನಷ್ಟೇ ದೂರದಲ್ಲಿ ಹಿಡಿದು ನೋಡಿ.

ಶುರು ಮಾಡಲು ಗಿಳಿಮೀನಿಗಿಂತ ಒಳ್ಳೆಯದಿಲ್ಲ. ತೀರಾ ಪುಟ್ಟ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣ ಸಿಗಡಿಯಂಥ ಜೀವಿಗಳನ್ನು ಹೆಕ್ಕುತ್ತವೆ. ಬೆಳೆದಂತೆ ಹಲ್ಲು ಗಿಣಿ ಕೊಕ್ಕಾಗುತ್ತದೆ, ಕಲ್ಲು ಕೆರೆಯುವುದು ಶುರು. ಸುಮ್ನೆ ಕಿವಿಗೊಡಿ: ಕರಕ್, ಕರಕ್. ಕಚ್ಚಿದ ಜಾಗದಲ್ಲಿ ಬಿಳಿ ಗೀರು. ಕೊಂಚ ಹೊತ್ತಿಗೆ ಬಾಲದ ಕೆಳಗಿಂದ ಪುಸ್ಸೆಂದು ಮರಳಿನ ಮೋಡ. ಹೌದು, ಅದು ಅದರ ಹಿಕ್ಕೆಯೇ. ಮಸುಕು ಬಣ್ಣದವು ಹೆಚ್ಚಾಗಿ ಗುಂಪಿನಲ್ಲಿ ಮೇಯುತ್ತವೆ. ಹಸಿರು ನೀಲಿಯಾಗಿ ಹೊಳೆಯುವ ದೊಡ್ಡದು ಬಂದು ಎಲ್ಲರನ್ನೂ ಓಡಿಸಿದರೆ ಅದು ಗಂಡು. ಎಷ್ಟೋ ಸಲ ಅದೂ ಒಂದು ಕಾಲಕ್ಕೆ ಹೆಣ್ಣೇ ಆಗಿತ್ತು!

ಬೇರೆ ಮೀನುಗಳ ಮೈಮೇಲಿನ ಹುಳು ಹೆಕ್ಕಿ ತಿನ್ನುವ ಪುಟ್ಟ ಮೀನು ಕ್ಲೀನರ್ ರಾಸ್ ಇದ್ದಲ್ಲಿ 'ಜೊತೆಗೆ ಯಾರು' ಕಲಂ ತುಂಬುತ್ತದೆ. ಕಪ್ಪು ಮೈಗೆ ನೀಲಿ ಗೆರೆಯ ಮರಿ ಒಂಟಿಯಾಗಿಯೇ ಬೇರೆ ಮೀನುಗಳ ಮೈ ಉಜ್ಜುತ್ತಿರುತ್ತದೆ. ದೊಡ್ಡವಾದರೆ ಒಂದು ಗಂಡು, ಹಲವು ಹೆಣ್ಣು. ಗಂಡು ಸತ್ತರೆ ಕೆಲವೇ ಗಂಟೆಗಳಲ್ಲಿ ದೊಡ್ಡ ಹೆಣ್ಣು ಯಜಮಾನಿಕೆ ಶುರು ಮಾಡುತ್ತದೆ. ಮೈಯೂ ಗಂಡಾಗಲು ಸುಮಾರು ಎರಡು ವಾರ ಬೇಕು.

ಒಂದು ಎಚ್ಚರಿಕೆ. ಹಾರ್ಲೆಕ್ವಿನ್ ಸ್ವೀಟ್‌ಲಿಪ್ಸ್ ಮರಿ ಕಂಡಾಗ ನಾನು 'ಕಾಯಿಲೆ ಮೀನು' ಅಂತ ಬರೆದಿದ್ದೆ. ಕಂದು ಮೈ, ಬಿಳಿ ಮಚ್ಚೆ, ಒಂದೇ ಸಮ ಒದ್ದಾಟ. ಅದು ಈಜುವುದೇ ಹಾಗೆ. ದೊಡ್ಡವು ಹಗಲು ಬಂಡೆ ಕೆಳಗೆ ಸೋಮಾರಿಯಂತೆ ನಿಂತಿರುತ್ತವೆ, ಬೇಟೆ ರಾತ್ರಿ. ಹಾಗಾಗಿ ಬಾಯಿಯ ಕಲಂ ಖಾಲಿ ಬಿಡಬೇಡಿ. 'ತಿನ್ನುತ್ತಿಲ್ಲ' ಎಂದು ಬರೆದು ಪಕ್ಕದಲ್ಲಿ ಆಗ ಎಷ್ಟು ಗಂಟೆ ಅಂತ ಹಾಕಿ.