ಚಾದರ್ ಮೇಲೆ ಆಚೋ-ಲೆ ಹಿಂದೆ

ಲೇಹ್‌ನಲ್ಲಿ ಮೊದಲ ಸಲ ಸಿಕ್ಕಾಗ, ಹೆಪ್ಪುಗಟ್ಟಿದ ಝಾನ್ಸ್ಕರ್ ನದಿಯ ಮೇಲೆ ನನ್ನನ್ನು ನಡೆಸಬೇಕಿದ್ದ ಗೈಡ್ ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿದರು. ನನ್ನದು ದುಬಾರಿ ಟ್ರೆಕ್ಕಿಂಗ್ ಶೂ. "ಇದು ರೂಮಲ್ಲೇ ಇರಲಿ. ಗಂಬೂಟ್ ತಗೊಳ್ಳಿ" ಎಂದು ತಾವೇ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಕಮಿಷನ್ ವ್ಯವಹಾರ ಅಂದುಕೊಂಡೆ. ಆದರೂ ಕೊಂಡೆ, ಎರಡು ಜೊತೆ ಉಣ್ಣೆಯ ಕಾಲುಚೀಲ ಹಿಡಿಸುವಷ್ಟು ದೊಡ್ಡ ಸೈಜು.

ಅವರನ್ನು ಆಚೋ-ಲೆ ಎಂದು ಕರೆಯುತ್ತಿದ್ದೆ. ಲಡಾಖಿಯಲ್ಲಿ ಆಚೋ ಅಂದರೆ ಅಣ್ಣ, 'ಲೆ' ಮರ್ಯಾದೆಗೆ. ನಮ್ಮಿಬ್ಬರ ನಡುವೆ ಇದ್ದದ್ದು ಹರಕು ಮುರುಕು ಹಿಂದಿ.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಮೈ ಒಗ್ಗಿಕೊಳ್ಳಲು ಮೂರು ದಿನ ಸುಮ್ನೆ ಕೂರಬೇಕಿತ್ತು. ಆಮೇಲೆ ವೈದ್ಯಕೀಯ ತಪಾಸಣೆ, ಅದರಲ್ಲಿ ಪಾಸಾದರೆ ಪರವಾನಗಿ. ಆಚೋ-ಲೆ ದಿನಾ ಬಂದು ಟೀ ಕುಡಿದು, ಹರಟೆ ಹೊಡೆದು ಹೋಗುತ್ತಿದ್ದರು. ಪಾಪ, ಹೊತ್ತು ಹೋಗದೆ ಬರುತ್ತಾರೆ ಅಂದುಕೊಂಡಿದ್ದೆ. ಎರಡನೇ ಸಂಜೆ ಇದ್ದಕ್ಕಿದ್ದಂತೆ "ತಲೆ ನೋಯ್ತಿದೆ ಅಲ್ವಾ?" ಎಂದರು. ನಾನು ಯಾರಿಗೂ ಹೇಳಿರಲಿಲ್ಲ. ಅರ್ಧ ಲೋಟ ಟೀ ಹಾಗೇ ಬಿಟ್ಟಿದ್ದೆ, ಮೆಟ್ಟಿಲು ಹತ್ತಿ ಬಂದವನು ಮಾತಾಡಲು ಸ್ವಲ್ಪ ತಡ ಮಾಡಿದ್ದೆ, ಅಷ್ಟೇ. "ನದಿ ಮೇಲೆ ಹೋದಮೇಲೂ ಹೀಗೆ ಮುಚ್ಚಿಟ್ರೆ ಇಬ್ಬರಿಗೂ ಕಷ್ಟ" ಎಂದರು. ಅಲ್ಲಿಂದಾಚೆ ದಿನಾ ಬೆಳಿಗ್ಗೆ ಅವರು ಕೇಳುವ ಮೊದಲೇ ವರದಿ ಒಪ್ಪಿಸುತ್ತಿದ್ದೆ: ತಲೆ, ನಿದ್ದೆ, ಹಸಿವು, ಕಾಲ್ಬೆರಳು. ಹೊಟ್ಟೆ ಕೆಟ್ಟದ್ದನ್ನೂ ಬಿಡಲಿಲ್ಲ.

ಜನವರಿ, ಫೆಬ್ರವರಿಯಲ್ಲಿ ಝಾನ್ಸ್ಕರ್ ನದಿಯ ಮೇಲೆ ಹಾಸಿಕೊಳ್ಳುವ ಹಿಮಗಡ್ಡೆಯೇ ಚಾದರ್. ಚಳಿಗಾಲದಲ್ಲಿ ಪೆನ್ಸಿ ಲಾ ಕಣಿವೆಮಾರ್ಗ ಹಿಮದಲ್ಲಿ ಹೂತುಹೋದರೆ ಝಾನ್ಸ್ಕರ್ ಜನ ಲೇಹ್‌ಗೆ ನಡೆಯುತ್ತಿದ್ದದ್ದು ಇದರ ಮೇಲೆಯೇ. ಆಚೋ-ಲೆ ಹುಡುಗನಾಗಿದ್ದಾಗ ಅಪ್ಪನ ಜೊತೆ ಬೆಣ್ಣೆ ಹೊತ್ತು ಬಂದಿದ್ದರಂತೆ. ನನಗೆ ಸಾಹಸ ಆಗಿದ್ದು ಅವರಿಗೆ ಸಂತೆಗೆ ಹೋಗುವ ದಾರಿ.

ಚಾದರ್ ಅಂದರೆ ಸಿಮೆಂಟು ರಸ್ತೆಯ ಹಾಗೆ ಒಂದೇ ಸಮ ಅಲ್ಲ. ರಾತ್ರಿ ಕಟ್ಟುತ್ತದೆ, ಹಗಲು ಬಿರಿಯುತ್ತದೆ, ಅಡಿಯಲ್ಲಿ ನದಿ ಓಡುತ್ತಲೇ ಇರುತ್ತದೆ. ಆಚೋ-ಲೆ ಮುಂದೆ ಹೋಗುತ್ತಾ ಕೋಲಿನಿಂದ ಕುಟ್ಟುತ್ತಿದ್ದರು. ಗಟ್ಟಿ ಇದ್ದರೆ ಒಂದು ಸದ್ದು, ಪೊಳ್ಳಿದ್ದರೆ ಇನ್ನೊಂದು. ಮೊದಲ ದಿನ ನನಗೆ ಎರಡೂ ಒಂದೇ ಥರ ಕೇಳಿಸಿತು. ಕಾಲೆತ್ತಿ ಇಡದೆ ಜಾರಿಸುತ್ತ, ಅವರು ಹೆಜ್ಜೆ ಇಟ್ಟ ಕಡೆಯೇ ಇಡುತ್ತ ನಡೆದೆ. ಒಮ್ಮೆ ಫೋಟೋಗೆಂದು ಎರಡು ಹೆಜ್ಜೆ ಪಕ್ಕಕ್ಕೆ ಹೋದೆ. ಬೈಗುಳ ಬಿತ್ತು. ಅಲ್ಲಿ ಮೇಲೆ ಹೊಸ ಹಿಮ ಬಿದ್ದಿತ್ತು. ಹಿಮ ಕಂಬಳಿ ಹೊದಿಸಿದ ಹಾಗೆ, ಅದರಡಿ ಗಡ್ಡೆ ದಪ್ಪ ಕಟ್ಟುವುದಿಲ್ಲ. ನೋಡಲು ಮಾತ್ರ ಬಲು ಚೆಂದ.

ನಮ್ಮ ಜಗಳ ಆಗಿದ್ದು ಟಿಬ್ ಗುಹೆಯ ಹತ್ತಿರ. ಹಿಂದಿನ ರಾತ್ರಿ ಮೋಡ ಕವಿದು ಚಳಿ ಸ್ವಲ್ಪ ಬಿಟ್ಟಿತ್ತು. ನಾನು ಖುಷಿಯಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ನೋಡಿದರೆ ಆಚೋ-ಲೆ ಮುಖ ಗಂಟು. ಆಕಾಶ ಶುಭ್ರವಾಗಿದ್ದರೆ ನೆಲದ ಬಿಸಿಯೆಲ್ಲ ಮೇಲೆ ಹೋಗಿ ಗಡ್ಡೆ ಗಟ್ಟಿಯಾಗುತ್ತದೆ, ಮೋಡ ಅದನ್ನು ತಡೆಯುತ್ತದೆ. ಚಾದರ್ ಮೇಲೆ ನೀರು ಹರಿಯುತ್ತಿತ್ತು. "ಇವತ್ತು ಬೇಡ" ಎಂದರು. ನಾವು ಹೊರಟಿದ್ದ ಹೆಪ್ಪುಗಟ್ಟಿದ ನೇರಕ್ ಜಲಪಾತ ಒಂದು ದಿನದ ನಡಿಗೆಯಷ್ಟೇ ದೂರ. ಅಷ್ಟರಲ್ಲಿ ಇನ್ನೊಂದು ಗುಂಪು ನಮ್ಮನ್ನು ದಾಟಿ ಹೋಯಿತು. ನಾನು ದುಡ್ಡಿನ ಮಾತು ಎತ್ತಿದೆ, ಈಗ ನೆನೆಸಿಕೊಂಡರೆ ನಾಚಿಕೆ. ಅವರು ವಾದ ಮಾಡಲಿಲ್ಲ. ಟೀಗೆ ನೀರಿಟ್ಟರು.

ಆ ಗುಂಪಿಗೆ ಏನೋ ಆಗಿ, ಆಚೋ-ಲೆ ಹೇಳಿದ್ದೇ ಸರಿ ಅಂತಾಯಿತು ಎಂದು ನೀವು ಕಾಯುತ್ತಿರಬಹುದು. ಏನೂ ಆಗಲಿಲ್ಲ. ಮರುದಿನ ನಗುತ್ತಾ ವಾಪಸ್ ಬಂದರು, ಫೋಟೋ ತೋರಿಸಿದರು. ನಾನು ಆಚೋ-ಲೆ ಕಡೆ ನೋಡಿದೆ. "ದಾಟಿದ್ರು, ಒಳ್ಳೇದಾಯ್ತು" ಎಂದರು. ಅಷ್ಟೇ. ಅವರ ಮುಖದಲ್ಲಿ ಸಂಕೋಚವೂ ಇರಲಿಲ್ಲ, ಸಮಜಾಯಿಷಿಯೂ ಇರಲಿಲ್ಲ. ನನ್ನ ಸಿಟ್ಟು ಇಳಿದದ್ದು ಯಾಕೋ ಅಲ್ಲಿಯೇ.

ನಾವೂ ಅವತ್ತು ಹೊರಟೆವು. ಒಂದು ತಿರುವಿನಲ್ಲಿ ಗಡ್ಡೆ ಪೂರ್ತಿ ಮುರಿದಿತ್ತು. ಬಂಡೆ ಹಿಡಿದು ಪಕ್ಕಕ್ಕೆ ಸರಿಯಬೇಕು, ಕೆಳಗೆ ಕಪ್ಪು ನೀರು. ಆಚೋ-ಲೆ ಕೆಳಗಿನ ಚಾಚಿನ ಮೇಲೆ ನಿಂತು ನನ್ನ ಗಂಬೂಟನ್ನು ಕೈಯಲ್ಲಿ ಹಿಡಿದು ಒಂದೊಂದೇ ಸಂದಿಯಲ್ಲಿ ಇಟ್ಟರು. ನಾನು ಕೆಳಗೆ ನೋಡಲೇ ಇಲ್ಲ. ಆಚೆ ಬದಿಯಲ್ಲಿ ಪಾದ ಮುಳುಗುವಷ್ಟು ನೀರಿನಲ್ಲಿ ನಡೆದೆವು. ಚರ್ಮದ ಶೂ ಆಗಿದ್ದರೆ ನೆನೆದು, ಬೆಳಗಾಗುವಷ್ಟರಲ್ಲಿ ಕಲ್ಲಾಗಿರುತ್ತಿತ್ತು.

ಆಗ ದಂಡೆಯ ಮೇಲೆ ರಸ್ತೆ ಕೆಲಸ ನಡೆಯುತ್ತಿತ್ತು. ಚಾದರ್ ಹಾಳಾಗುತ್ತದಲ್ಲ ಎಂದು ನಾನು ಮರುಗಿದೆ. "ಹೆರಿಗೆ ನೋವಿಗೆ ಚಾದರ್ ಗೊತ್ತಾಗುತ್ತಾ ಸಾರ್?" ಎಂದರು. 2024ರಲ್ಲಿ ಆ ರಸ್ತೆ, ಅಂದರೆ ಝಾನ್ಸ್ಕರ್ ಮೂಲಕ ಹೋಗುವ ನಿಮ್ಮು–ಪದುಮ್–ದಾರ್ಚಾ ರಸ್ತೆ, ಕೂಡಿಕೊಂಡ ಸುದ್ದಿ ಓದಿದಾಗ ಮೊದಲು ನೆನಪಾದದ್ದು ಈ ಮಾತು.

ವಾಪಸು ಬರುವಾಗ ಒಂದು ಕಡೆ ಕೋಲಿನ ಸದ್ದು ಬದಲಾಯಿತು, ಅವರು ಹೇಳುವ ಮೊದಲೇ ನಾನು ನಿಂತೆ. ಆಚೋ-ಲೆ ತಿರುಗಿ ನೋಡಿ, ಕೋಲನ್ನು ಎಡಕ್ಕೆ ತೋರಿಸಿ, ಮುಂದೆ ಹೋದರು.

ಲೇಹ್‌ನಲ್ಲಿ ಬೀಳ್ಕೊಡುವಾಗ ಗಂಬೂಟನ್ನು ಅವರಿಗೇ ಕೊಟ್ಟೆ. ಮನಸ್ಸಿನಲ್ಲಿದ್ದದ್ದನ್ನೂ ಕೇಳಿಬಿಟ್ಟೆ: "ಆ ಅಂಗಡಿಯಲ್ಲಿ ಕಮಿಷನ್ ಸಿಕ್ತಾ ಆಚೋ-ಲೆ?"

"ಸಿಕ್ತು" ಎಂದು ನಕ್ಕರು. "ಶೂ ಮಾರೋದಾಗಿದ್ರೆ ಇನ್ನೂ ಜಾಸ್ತಿ ಸಿಗ್ತಿತ್ತು."